ಮೀನಿನ ತೊಟ್ಟಿಯ ತಳ ಮತ್ತು ಹಿನ್ನೆಲೆ

ಬಾವಿ, ಹೊಂಡಗಳಲ್ಲಿ ಬಗ್ಗಿ ನೋಡುವ ಅಭ್ಯಾಸವುಳ್ಳವರಿಗೆ ಗಪ್ಪಿ ಎಂಬ ಪುಟ್ಟ ಮೀನಿನ ಪರಿಚಯ ಇರಬಹುದು. ದಕ್ಷಿಣ ಅಮೆರಿಕದ ಈಶಾನ್ಯ ಭಾಗವೂ ಟ್ರಿನಿಡಾಡ್ ದ್ವೀಪವೂ ಇದರ ತೌರು. ಸೊಳ್ಳೆಯ ಮರಿಗಳನ್ನು ತಿಂದು ಮಲೇರಿಯಾವನ್ನು ತಡೆಯಲಿ ಎಂಬ ಉದ್ದೇಶದಿಂದ ಇದನ್ನು ನಮ್ಮ ದೇಶಕ್ಕೆ ತಂದರು. ಕರ್ನಾಟಕದ ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಟ್ಟ ಮೀನುಗಳಲ್ಲಿ ಇದೂ ಒಂದು. ಕೆಂಭಾವಿಯ ಬಾವಿಯೊಂದರಿಂದ ಇಂತಹ ಇಪ್ಪತ್ತನಾಲ್ಕು ಮೀನುಗಳನ್ನು ತಂದು, ಹನ್ನೆರಡು ಹನ್ನೆರಡರಂತೆ ಎರಡು ಗಾಜಿನ ತೊಟ್ಟಿಗಳಲ್ಲಿ ಬಿಟ್ಟೆವು. ಒಂದರ ತಳಕ್ಕೆ ಅಂಗಡಿಯಿಂದ ಕೊಂಡ ಬಿಳಿಯ ಅಮೃತಶಿಲೆಯ ಚೂರುಗಳು, ಬೆನ್ನಿಗೆ ನೀಲಿ ಸಮುದ್ರದ ಚಿತ್ರ. ಇನ್ನೊಂದರ ತಳಕ್ಕೆ ಹಳ್ಳದ ಕಂದು ಜಲ್ಲಿ, ಬೆನ್ನಿಗೆ ಕಪ್ಪು ಹಾಳೆ. ಮರುದಿನ ಮನೆಗೆ ಬಂದ ವಿದ್ಯಾರ್ಥಿಯೊಬ್ಬನು ಮೊದಲನೆಯ ತೊಟ್ಟಿಯನ್ನು ನೋಡಿ, “ಸರ್, ಈ ಮೀನಿಗೆ ಜಡ್ಡು ಆಗ್ಯದೇನ್ರಿ?” ಎಂದು ಕೇಳಿದನು.

ಮೀನುಗಳಿಗೆ ಜಡ್ಡೇನೂ ಆಗಿರಲಿಲ್ಲ. ಅವು ಬಿಳಿಚಿಕೊಂಡಿದ್ದವು, ಅಷ್ಟೆ. ಒಂದೇ ಬಾವಿಯ ಮೀನುಗಳು, ಒಂದೇ ನೀರು, ಒಂದೇ ಆಹಾರ. ವ್ಯತ್ಯಾಸವಿದ್ದುದು ತಳ ಮತ್ತು ಹಿನ್ನೆಲೆಗಳಲ್ಲಿ ಮಾತ್ರ. ಇವೆರಡನ್ನೂ ಕೇವಲ ಅಲಂಕಾರವೆಂದು ತಿಳಿಯುವವರು ಬಹಳ. ನಾವೂ ಹಾಗೆಯೇ ತಿಳಿದಿದ್ದೆವು.

ಮೀನಿನ ಚರ್ಮದಲ್ಲಿ ಕಪ್ಪು ವರ್ಣದ ಕಣಗಳನ್ನು ತುಂಬಿಕೊಂಡ ಕೋಶಗಳಿವೆ. ಕಣಗಳು ಕೋಶದ ತುಂಬ ಹರಡಿಕೊಂಡರೆ ಮೈ ಕಪ್ಪಾಗುತ್ತದೆ. ಕೋಶದ ನಡುವಿಗೆ ಸರಿದು ಒಂದು ಚುಕ್ಕೆಯಾಗಿ ಮುದುರಿಕೊಂಡರೆ ಮೈ ಬಿಳಿಚುತ್ತದೆ. ಈ ಸರಿದಾಟವು ನರಗಳ ಅಂಕೆಯಲ್ಲಿದೆ ಎಂಬುದನ್ನು ಕಾರ್ಲ್ ಫಾನ್ ಫ್ರಿಷ್ ಅವರು 1911ರಲ್ಲಿ ಯುರೋಪಿನ ಮಿನೋ ಎಂಬ ಸಣ್ಣ ಮೀನಿನ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಜೇನ್ನೊಣಗಳ ಕುಣಿತದ ಅರ್ಥವನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರರಾದವರೂ ಇವರೇ. ಹಾಗಾದರೆ ನರಗಳಿಗೆ ಸುದ್ದಿ ಮುಟ್ಟಿಸುವುದು ಯಾವುದು? ಮುಖ್ಯವಾಗಿ ಕಣ್ಣು. ಮೇಲಿನಿಂದ ಬರುವ ಬೆಳಕೆಷ್ಟು, ತಳದಿಂದ ಚಿಮ್ಮಿ ಬರುವ ಬೆಳಕೆಷ್ಟು ಎಂಬ ಎರಡನ್ನೂ ಮೀನಿನ ಕಣ್ಣು ಒಟ್ಟಿಗೆ ಅಳೆಯುತ್ತದೆ. ಅದಕ್ಕೆ ಬೇಕಾದುದು ಇವೆರಡರ ನಿಷ್ಪತ್ತಿಯೇ ಹೊರತು ಬೆಳಕಿನ ಒಟ್ಟು ಮೊತ್ತವಲ್ಲ. ಆದುದರಿಂದ ಬಿಳಿಯ ತಳದ ತೊಟ್ಟಿಗೆ ಬೆಳಕು ಕಡಿಮೆ ಮಾಡಿದರೆ ಮೀನು ಕಪ್ಪಾದೀತೆಂದು ಆಶಿಸುವುದು ವ್ಯರ್ಥ. ದೀಪ ಮಂಕಾದರೆ ಎರಡು ಬೆಳಕುಗಳೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ನಿಷ್ಪತ್ತಿ ಇದ್ದಂತೆಯೇ ಇರುತ್ತದೆ.

ಈ ವರ್ಣಾಂತರವು ಮೀನಿಗೆ ಪ್ರಾಣದ ಪ್ರಶ್ನೆ. ಅಮೆರಿಕದ ಫ್ರಾನ್ಸಿಸ್ ಸಮ್ನರ್ ಅವರು ಗ್ಯಾಂಬೂಸಿಯ ಮೀನುಗಳನ್ನು ವಾರಗಟ್ಟಲೆ ಕಪ್ಪು ಮತ್ತು ಬಿಳಿ ತೊಟ್ಟಿಗಳಲ್ಲಿ ಸಾಕಿ, ಅನಂತರ ಎರಡು ಬಗೆಯವನ್ನೂ ಬೆರೆಸಿ ಪೆಂಗ್ವಿನ್ ಹಕ್ಕಿಯ ಮುಂದೆ ಬಿಟ್ಟರು. ತೊಟ್ಟಿಯ ಬಣ್ಣಕ್ಕೆ ಹೊಂದದ ಮೀನುಗಳೇ ಹೆಚ್ಚಾಗಿ ಹಕ್ಕಿಯ ಹೊಟ್ಟೆ ಸೇರಿದವು. 1934ರಲ್ಲಿ ಪ್ರಕಟವಾದ ಈ ಪ್ರಯೋಗದ ಮೀನೂ ಸೊಳ್ಳೆಯ ನಿವಾರಣೆಗಾಗಿ ನಮ್ಮ ಬಾವಿಗಳಿಗೆ ಬಂದದ್ದೇ.

ಇದಕ್ಕಿಂತಲೂ ಸ್ವಾರಸ್ಯವಾದದ್ದು ಗಪ್ಪಿಯ ಮೇಲೆಯೇ ನಡೆದ ಪ್ರಯೋಗ. ಜಾನ್ ಎಂಡ್ಲರ್ ಎಂಬುವರು ಗಾಜಿನ ಮನೆಯೊಳಗೆ ಕೊಳಗಳನ್ನು ಕಟ್ಟಿಸಿ, ಕೆಲವಕ್ಕೆ ಸಣ್ಣ ಹರಳಿನ ಜಲ್ಲಿಯನ್ನೂ ಕೆಲವಕ್ಕೆ ದಪ್ಪ ಹರಳಿನ ಜಲ್ಲಿಯನ್ನೂ ಹಾಸಿದರು. ಕೆಲವು ಕೊಳಗಳಲ್ಲಿ ಗಪ್ಪಿಗಳನ್ನು ಹಿಡಿದು ತಿನ್ನುವ ದೊಡ್ಡ ಮೀನುಗಳನ್ನು ಬಿಟ್ಟರು. ತಲೆಮಾರುಗಳು ಕಳೆದಂತೆ, ಶತ್ರುವಿದ್ದ ಕೊಳಗಳಲ್ಲಿ ಗಂಡು ಗಪ್ಪಿಗಳ ಚುಕ್ಕೆಗಳು ತಳದ ಹರಳಿಗೆ ಹೊಂದಿಕೊಂಡವು: ಸಣ್ಣ ಹರಳಿನಲ್ಲಿ ಸಣ್ಣ ಚುಕ್ಕೆ, ದಪ್ಪ ಹರಳಿನಲ್ಲಿ ದೊಡ್ಡ ಚುಕ್ಕೆ. ಶತ್ರುವಿಲ್ಲದ ಕೊಳಗಳಲ್ಲಿಯೋ ಇದಕ್ಕೆ ತಿರುಗುಮುರುಗು! ಅಲ್ಲಿ ಅಡಗುವ ಅಗತ್ಯವಿರಲಿಲ್ಲ; ತಳದಿಂದ ಎದ್ದು ಕಾಣುವ ಗಂಡಿಗೇ ಹೆಣ್ಣಿನ ಒಲವು ದೊರೆಯಿತು. 1980ರಲ್ಲಿ ಪ್ರಕಟವಾದ ಈ ಫಲಿತಾಂಶವು ವಿಕಾಸವಾದದ ಪಠ್ಯಗಳಲ್ಲಿ ಸೇರಿಹೋಗಿದೆ. ಮನೆಯ ತೊಟ್ಟಿಗೆ ಜಲ್ಲಿ ಆರಿಸುವವನು ತನಗರಿಯದೆಯೇ ಇದೇ ಪ್ರಯೋಗದ ಮೊದಲ ಹೆಜ್ಜೆಯನ್ನು ಇಡುತ್ತಿರುತ್ತಾನೆ.

ಇನ್ನು ತಳದ ಕಲ್ಲಿನ ಜಾತಿಯ ಮಾತು. ಇದರಲ್ಲಿ ನಾವು ಒಮ್ಮೆ ಚೆನ್ನಾಗಿಯೇ ಮೋಸಹೋದೆವು. ಮೋಸಮಾಡಿದವರು ನಾವಲ್ಲದೆ ಬೇರೆ ಯಾರೂ ಅಲ್ಲ. ಸುರಪುರ, ಶಹಾಪುರ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಸುರಪುರದ ಗುಡ್ಡಗಳು ಗ್ರ್ಯಾನೈಟು. ಶಹಾಪುರದ ಕಡೆಗೂ ತಾಳೀಕೋಟೆಯ ಕಡೆಗೂ ಭೀಮಾ ಶಿಲಾವರ್ಗದ ಸುಣ್ಣಕಲ್ಲು ಹಾಸಿಕೊಂಡಿದೆ. ಇದೇ ವರ್ಗದ ಕಲ್ಲು ಶಹಾಬಾದಿನ ಪರಸಿ ಎಂಬ ಹೆಸರಿನಲ್ಲಿ ಮನೆಮನೆಯ ನೆಲವಾಗಿದೆ. ಪರಸಿ ಕತ್ತರಿಸಿದ ಕಡೆ ಚೂರುಗಳು ರಾಶಿ ಬಿದ್ದಿರುತ್ತವೆ, ಬೂದು ಬಣ್ಣ, ನೋಟಕ್ಕೆ ಬಹಳ ಸೊಗಸು. ಅವನ್ನೇ ತೊಳೆದು ಮೂರನೆಯ ತೊಟ್ಟಿಯೊಂದಕ್ಕೆ ಹಾಸಿದೆವು. ಪೇಟೆಯಿಂದ ತಂದ ನಿಯಾನ್ ಟೆಟ್ರಾ ಮೀನುಗಳನ್ನು ಅದರಲ್ಲಿ ಸಾಕುವ ಆಸೆ. ಅವು ಅಮೆಜಾನ್ ಪ್ರದೇಶದ ಮೆದುನೀರಿನ ಮೀನುಗಳಾದ ಕಾರಣ, ಮಾಳಿಗೆಯಿಂದ ಮಳೆನೀರು ಹಿಡಿದು ತುಂಬಿದೆವು. ಮೊದಲ ದಿನ ಆ ನೀರಿನಲ್ಲಿ ಸಾಬೂನು ಹೇರಳವಾಗಿ ನೊರೆಗಟ್ಟಿತು. ಮೂರು ವಾರದ ಮೇಲೆ ಅದೇ ತೊಟ್ಟಿಯ ನೀರಿಗೆ ಸಾಬೂನು ಹಾಕಿದಾಗ ನೊರೆ ಬರಲಿಲ್ಲ, ಮೊಸರಿನಂತಹ ಗಷ್ಟು ಬಂದಿತು. ಅಷ್ಟರಲ್ಲಿ ಎಂಟು ಮೀನುಗಳಲ್ಲಿ ಐದು ಸತ್ತಿದ್ದವು.

ಆದುದಿಷ್ಟು: ಮೀನುಗಳು ಉಸಿರಾಡುವಾಗ ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ದುರ್ಬಲವಾದ ಕಾರ್ಬೊನಿಕ್ ಆಮ್ಲವಾಗುತ್ತದೆ. ಆ ಆಮ್ಲವು ಸುಣ್ಣಕಲ್ಲನ್ನು, ಎಂದರೆ ಕ್ಯಾಲ್ಸಿಯಮ್ ಕಾರ್ಬೊನೇಟನ್ನು, ಕರಗಬಲ್ಲ ಬೈಕಾರ್ಬೊನೇಟಾಗಿ ಮಾರ್ಪಡಿಸುತ್ತದೆ. ನೀರು ದಿನದಿನಕ್ಕೆ ಗಡುಸಾಗುತ್ತ, ಕ್ಷಾರದ ಕಡೆಗೆ ವಾಲುತ್ತ ಹೋಗುತ್ತದೆ. ಬೆಟ್ಟಗಳಲ್ಲಿ ಗುಹೆಗಳನ್ನು ಕೊರೆಯುವ ಕ್ರಿಯೆಯೇ ನಮ್ಮ ಮೇಜಿನ ಮೇಲೆಯೂ ನಡೆದಿತ್ತು. ಸಾವುಗಳಿಗೆಲ್ಲ ಕಲ್ಲೊಂದನ್ನೇ ಹೊಣೆ ಮಾಡಲಾಗದು. ದೂರದ ಪಯಣದ ಆಯಾಸವೂ ಇದ್ದೀತು. ಆದರೆ ಮಳೆನೀರು ಹಿಡಿದ ಶ್ರಮವನ್ನು ವ್ಯರ್ಥಗೊಳಿಸಿದ್ದು ಕಲ್ಲೇ. ಗಪ್ಪಿಗೆ ಇಂತಹ ನೀರು ಒಗ್ಗುತ್ತದೆ. ನಮ್ಮ ಬಾವಿಗಳ ಗಡುಸು ನೀರಿನಲ್ಲಿ ಅದು ಸಂತಾನ ಬೆಳೆಸಿಕೊಂಡಿರುವುದೇ ಸಾಕ್ಷಿ. ಬಿಳಿಯ ಅಮೃತಶಿಲೆಯೂ ಕ್ಯಾಲ್ಸಿಯಮ್ ಕಾರ್ಬೊನೇಟೇ ಆದುದರಿಂದ ಅದರದು ಎರಡು ದೋಷ: ಮೀನನ್ನು ಬಿಳಿಚಿಸುವುದೊಂದು, ನೀರನ್ನು ಗಡುಸಾಗಿಸುವುದು ಇನ್ನೊಂದು.

ಪರೀಕ್ಷೆ ಸುಲಭ. ಕಲ್ಲನ್ನು ತೊಳೆದು ಒಣಗಿಸಿ, ಮೊಳೆಯಿಂದ ಕೆರೆದು, ಬಂದ ಪುಡಿಯ ಮೇಲೆ ನಿಂಬೆಯ ರಸ ಹಿಂಡಬೇಕು. ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣಕಲ್ಲು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಾರಗುಂದಿಸಿದ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿಯು ಇದೇ ಉತ್ತರವನ್ನು ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಬೆಣಚುಕಲ್ಲು, ಗ್ರ್ಯಾನೈಟಿನ ಜಲ್ಲಿ, ಹಳ್ಳದ ದಪ್ಪ ಮರಳು ಇವು ಸಾಮಾನ್ಯವಾಗಿ ಮೌನವಾಗಿರುತ್ತವೆ; ಆದರೆ ಹಳ್ಳದ ಮರಳಿನಲ್ಲಿ ಸುಣ್ಣದ ಹರಳೂ ಶಂಖದ ಚೂರೂ ಬೆರೆತಿರುವುದುಂಟು, ಪರೀಕ್ಷಿಸದೆ ನಂಬಬಾರದು. ಎರೆಮಣ್ಣಂತೂ ಬೇಡ, ಅದರ ಅತಿ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತ ಕದಡಿಯೇ ಇರುತ್ತವೆ. ಎರಡು ಮೂರು ಮಿಲಿಮೀಟರಿನ ಹರಳು ಉತ್ತಮ. ಅದಕ್ಕಿಂತ ನುಣುಪಾದ ಮರಳು ಬಿಗಿದುಕೊಂಡು, ಕೆಳಗೆ ಆಮ್ಲಜನಕವಿಲ್ಲದೆ ಕೊಳೆತು ದುರ್ನಾತ ಹೊರಡುತ್ತದೆ. ಬಹಳ ದಪ್ಪವಾದರೆ ಉಳಿದ ಆಹಾರ ಸಂದುಗಳಿಗಿಳಿದು ಅಲ್ಲಿಯೇ ಕೊಳೆಯುತ್ತದೆ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತೊಟ್ಟಿಗೆ 5 ಸೆಂಟಿಮೀಟರ್ ದಪ್ಪ ಹಾಸಲು 9 ಲೀಟರ್ ಜಲ್ಲಿ ಬೇಕು. ಅದರ ತೂಕ ಸುಮಾರು 14 ಕಿಲೋಗ್ರಾಂ. ಮೇಜಿನ ಕಾಲುಗಳನ್ನು ಮೊದಲೇ ನೋಡಿಕೊಳ್ಳುವುದು ಲೇಸು.

ಹಿನ್ನೆಲೆಗೆ ಬರೋಣ. ಅಂಗಡಿಗಳಲ್ಲಿ ನೀಲಿ ಹಾಳೆಗೇ ಗಿರಾಕಿ ಹೆಚ್ಚು, ನೀರು ನೀಲಿಯಲ್ಲವೆ ಎಂಬ ಭಾವನೆಯಿಂದ. ಸರ್ ಸಿ. ವಿ. ರಾಮನ್ ಅವರು 1921ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ದಾಟುವಾಗ ನಿಕಲ್ ಪಟ್ಟಕವನ್ನು ಹಿಡಿದು ನೋಡಿ, ಕಡಲಿನ ನೀಲಿಯು ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರೇ ಬೆಳಕನ್ನು ಚದರಿಸುವುದರಿಂದಲೂ ಬರುತ್ತದೆ ಎಂದು ಕಂಡರು. ಇದಲ್ಲದೆ ನೀರು ಕೆಂಪು ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ಹೀರುತ್ತದೆ. ಆದರೆ ಇವೆಲ್ಲ ಕಣ್ಣಿಗೆ ಕಾಣಲು ಮೀಟರುಗಟ್ಟಲೆ ಆಳ ಬೇಕು. ಒಂದು ಗೇಣಿನ ತೊಟ್ಟಿಯ ನೀರಿಗೆ ಬಣ್ಣವಿಲ್ಲ. ಬಾವಿಯ ಗಪ್ಪಿಯ ಹಿಂದೆ ಹವಳದ ದಿಬ್ಬದ ಚಿತ್ರವನ್ನು ತೂಗುಹಾಕುವುದು ನಮ್ಮ ಅಭಿರುಚಿಗೆ ಒಗ್ಗದು. ಕಪ್ಪು ಅಥವಾ ಕಡುಹಸಿರು, ಚಿತ್ರವಿಲ್ಲದ ಹಾಳೆಯ ಮುಂದೆ ಮೀನಿನ ಮೈಯ ಹೊಳಪು ಎದ್ದು ಬರುವಷ್ಟು ಬೇರಾವುದರ ಮುಂದೆಯೂ ಬಾರದು.

ಹಾಳೆಯನ್ನು ಗಾಜಿನ ಹೊರಮೈಗೆ ಹೇಗೆ ಅಂಟಿಸುತ್ತೇವೆ ಎಂಬುದರಲ್ಲಿಯೂ ಭೌತಶಾಸ್ತ್ರವಿದೆ. ನೀರಿನಿಂದ ಗಾಜಿಗೆ ಹೋಗುವಾಗ ಬೆಳಕಿನ ಶೇಕಡ ಅರ್ಧಕ್ಕಿಂತ ಕಡಿಮೆ ಭಾಗವು ಹಿಂದಿರುಗುತ್ತದೆ. ಗಾಜಿನಿಂದ ಗಾಳಿಗೆ ಹೋಗುವಾಗ ಶೇಕಡ 4ರಷ್ಟು. ಹಾಳೆಗೂ ಗಾಜಿಗೂ ನಡುವೆ ಗಾಳಿ ಉಳಿದರೆ ಹಿನ್ನೆಲೆಯ ಮೇಲೆ ಬೆಳ್ಳನೆಯ ಮಬ್ಬು ಕವಿಯುವುದು ಇದರಿಂದಲೇ. ಪ್ಲಾಸ್ಟಿಕ್ ಹಾಳೆಯಾದರೆ ಗಾಜಿಗೆ ತೆಳುವಾಗಿ ಎಣ್ಣೆ ಸವರಿ ಒತ್ತಿ ಅಂಟಿಸಬೇಕು. ಎಣ್ಣೆಯ ವಕ್ರೀಭವನಾಂಕವು ಗಾಜಿನದಕ್ಕೆ ಸಮೀಪವಾದುದರಿಂದ ಮಬ್ಬು ಮಾಯವಾಗಿ ಕಪ್ಪು ನಿಜವಾದ ಕಪ್ಪಾಗುತ್ತದೆ.

ಎಡಬಲದ ಗಾಜುಗಳ ಕಥೆ ಬೇರೆ. ಅವಕ್ಕೂ ಹಾಳೆ ಕಟ್ಟಿ, ಮುಂದೆ ನಿಂತು ನೋಡಿದೆವು; ಹಾಳೆ ಕಾಣಲೇ ಇಲ್ಲ! ನೀರಿನಿಂದ ಗಾಳಿಗೆ ಹೋಗುವ ಬೆಳಕಿಗೆ ಕ್ರಾಂತಿಕೋನ ಸುಮಾರು 48.6 ಡಿಗ್ರಿ. ಅದಕ್ಕಿಂತ ಓರೆಯಾಗಿ ಬಂದ ಬೆಳಕು ಹೊರಗೆ ಹೋಗದೆ ಪೂರ್ತಿಯಾಗಿ ಪ್ರತಿಫಲಿಸುತ್ತದೆ. ಮುಂದಿನ ಗಾಜಿನ ಮೂಲಕ ನೋಡುವ ದೃಷ್ಟಿಯು ಬದಿಯ ಗಾಜನ್ನು ಸಾಮಾನ್ಯವಾಗಿ ಇಂತಹ ಓರೆಯಲ್ಲಿಯೇ ಮುಟ್ಟುವುದರಿಂದ ಅದು ಕನ್ನಡಿಯಾಗಿಬಿಡುತ್ತದೆ. ಒಣ ಬೆರಳನ್ನು ಬದಿಯ ಗಾಜಿನ ಹೊರಗೆ ಒತ್ತಿ ಮುಂದಿನಿಂದ ನೋಡಿದರೆ, ಚರ್ಮವು ಗಾಜನ್ನು ಮುಟ್ಟಿದ ಗೆರೆಗಳು ಮಾತ್ರ ಕಾಣುತ್ತವೆ. ನೀರು ತುಂಬಿದ ಗಾಜಿನ ಲೋಟದಲ್ಲಿಯೂ ಇದನ್ನು ಪರೀಕ್ಷಿಸಬಹುದು. ನಾವು ಬದಿಯ ಹಾಳೆಗಳನ್ನು ಬಿಚ್ಚಿ, ಗಾಜುಗಳನ್ನು ಒರಸಿ ಹಾಗೆಯೇ ಬಿಟ್ಟೆವು. ಮುಂದೆ ನಿಂತರೆ ಕಂದು ಜಲ್ಲಿಯ ತೊಟ್ಟಿಯು ಎಡಕ್ಕೊಂದು ಬಲಕ್ಕೊಂದು ಸೇರಿ ಮೂರಾಗಿ ಕಾಣುತ್ತದೆ, ಹನ್ನೆರಡು ಗಪ್ಪಿಗಳು ಕೆಲವೊಮ್ಮೆ ಮೂವತ್ತಾರಾಗುತ್ತವೆ.