ವರದೆಯ ಮಟ್ಟಕ್ಕೆ ದೂರದಿಂದಲೇ ಎಚ್ಚರಿಕೆಯ ಮಿತಿ

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಬಳಸಿ, ಹೊಸರಿತ್ತಿಯ ಮಗ್ಗುಲಲ್ಲಿ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಲೆನಾಡಿನಲ್ಲಿ ಮಳೆ ಜಡಿದರೆ, ಹಾವೇರಿಯ ಬಯಲಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ದಂಡೆಯ ಹೊಲಗಳು ಮುಳುಗಿದ್ದವು. ಹಾಗಾಗಿ ಇಲ್ಲಿ ನೀರಿನ ಮಟ್ಟ ಅಳೆಯುವುದೆಂದರೆ ಜೀವ ಕಾಯುವ ಕೆಲಸ. ಕೇಂದ್ರ ಜಲ ಆಯೋಗ ಮರೋಳದಲ್ಲಿ ವರದೆಯ ಮಟ್ಟವನ್ನು ದಾಖಲಿಸುತ್ತದೆ.

ಹೊಳೆಯ ಮಟ್ಟ ಅಳೆಯಲು ಈಗ ರೇಡಾರ್ ಮಾಪಕಗಳೂ ಬಂದಿವೆ. ಸೇತುವೆಗೆ ಬಿಗಿದ ಮಾಪಕ ರೇಡಿಯೊ ಅಲೆಯನ್ನು ಕೆಳಗೆ ಕಳಿಸಿ, ಅದು ನೀರಿಗೆ ಬಡಿದು ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕಹಾಕುತ್ತದೆ. ದೂರ ಕಡಿಮೆಯಾದಷ್ಟೂ ಹೊಳೆ ಏರಿದೆ ಎಂದರ್ಥ. ಆದರೆ ಅಳತೆ ಯಾವ ಅಂಕಿ ಮುಟ್ಟಿದಾಗ ಗಂಟೆ ಬಾರಿಸಬೇಕು ಎಂಬುದನ್ನು ಮನುಷ್ಯರೇ ಹೇಳಿಕೊಡಬೇಕು. ಆಯೋಗವೂ ಎಚ್ಚರಿಕೆ ಮಟ್ಟ, ಅಪಾಯ ಮಟ್ಟ ಎಂದು ಎರಡು ಗೆರೆ ಎಳೆದಿರುತ್ತದೆ.

ತುಂಬಿದ ಹೊಳೆಯ ಸೇತುವೆ ಹತ್ತಿ ಈ ಅಂಕಿ ಬದಲಿಸುವುದು ಅಪಾಯ. ದೂರದಿಂದ ಬದಲಿಸಲು ಅನುಕೂಲವಿರುವ ಉಪಕರಣಕ್ಕೆ ಕಚೇರಿಯಿಂದಲೇ ಆದೇಶ ಕಳಿಸಬಹುದು. ಉಪಕರಣಗಳ ನಡುವಿನ ಸಂವಹನಕ್ಕೆ 1979ರಲ್ಲಿ ಬಂದ ಮಾಡ್‌ಬಸ್ ಪದ್ಧತಿಯಲ್ಲಿ ಪ್ರತಿ ಮಿತಿಗೂ ನಂಬರಿನ ಮನೆಯೊಂದಿದೆ: 6ನೇ ಆದೇಶ ಆ ಮನೆಯಲ್ಲಿ ಅಂಕಿ ಬರೆಯುತ್ತದೆ, 3ನೇ ಆದೇಶ ಅದನ್ನು ಓದಿ ಹೇಳುತ್ತದೆ. ಈ ಮನೆಗಳು ಪೂರ್ಣಾಂಕಗಳನ್ನಷ್ಟೇ ಹಿಡಿಯುತ್ತವೆ. 5.25 ಮೀಟರ್ ನೀರಿನ ಮಟ್ಟವನ್ನು 525 ಸೆಂಟಿಮೀಟರ್ ಎಂದು ಬರೆದಾಗ ಉಪಕರಣ ಅದನ್ನು ಮಿಲಿಮೀಟರ್ ಎಂದುಕೊಂಡರೆ ಮಿತಿ ಅರ್ಧ ಮೀಟರಿಗೆ ಇಳಿದು, ಮಳೆಯಿಲ್ಲದ ದಿನವೂ ಗಂಟೆ ಹೊಡೆಯುತ್ತದೆ. ಸುಳ್ಳು ಗಂಟೆಗೆ ಬೇಸತ್ತ ಊರು ನಿಜವಾದ ಗಂಟೆಯನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇನ್ನೊಂದು ತೊಡಕು ಅಲೆಗಳದ್ದು. ಮಿತಿಯ ಅಂಚಿನಲ್ಲಿ ನೀರು ತುಸು ಏರಿಳಿದರೂ ಗಂಟೆ ಹತ್ತಾರು ಸಲ ಶುರುವಾಗಿ ನಿಲ್ಲುತ್ತದೆ. ಆದ್ದರಿಂದ 5.25ಕ್ಕೆ ಶುರುವಾಗುವ ಗಂಟೆ, ನೀರು 5.10ಕ್ಕೆ ಇಳಿದ ಮೇಲಷ್ಟೇ ನಿಲ್ಲುವಂತೆ ಅಂತರ ಇಡುತ್ತಾರೆ. ನೀರಿನ ಬದಲು ಉಷ್ಣತೆಗೆ ಮಿತಿ ಇಡುವ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಂಥ ಕಡೆ ಬೇಕಾದದ್ದು ಸಮಯದ ಅಂತರ. ಬಾಗಿಲು ತೆರೆದಾಗ ಉಷ್ಣತೆ ಅರೆಗಳಿಗೆ ಏರುವುದು ಸಹಜ. ಏರಿದ್ದು ಇಳಿಯದೆ ನಿಂತರೆ ಮಾತ್ರ ಎಚ್ಚರಿಕೆ ಬರಬೇಕು.

ಆದೇಶ ಹೋಯಿತು ಎಂದ ಮಾತ್ರಕ್ಕೆ ಮಿತಿ ಕೂತಿತು ಎಂದಲ್ಲ. ಬರೆದ ಅಂಕಿಯನ್ನು ಅದೇ ಉಪಕರಣದಿಂದ ಮರಳಿ ಓದಿಸಬೇಕು, ಬದಲಿಸಿದವರ ಹೆಸರು ಮತ್ತು ಹೊತ್ತು ದಾಖಲಾಗಬೇಕು, ಪಾಸ್‌ವರ್ಡ್ ಇಲ್ಲದವರಿಗೆ ಆ ಮನೆಯ ಬಾಗಿಲು ತೆರೆಯಬಾರದು. ಮಿತಿಯ ಅಂಕಿಯನ್ನು ನಿಗದಿ ಮಾಡುವ ಮುನ್ನ, ಯಾವ ಮಟ್ಟಕ್ಕೆ ಯಾವ ದಾರಿ ಮುಳುಗುತ್ತದೆ ಎಂದು ಬಲ್ಲ ದಂಡೆಯ ರೈತರನ್ನು ಅಧಿಕಾರಿಗಳು ಕೇಳಲಿ. ಪ್ರತಿ ಮುಂಗಾರಿಗೆ ಮೊದಲು ಗಂಟೆಯನ್ನು ಒಮ್ಮೆ ಬಾರಿಸಿ ನೋಡಲಿ.