ವಿಮಾನ ನಿಲ್ದಾಣದಿಂದ, ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಹೋಟೆಲಿಗೆ ಹೋಗೋದು ಹೇಗೆ?



ಮೇಳ, ತರಬೇತಿ, ಒಕ್ಕೂಟದ ಸಭೆ ಎಂದು ಸಂಘದವರು ಬೆಂಗಳೂರಿಗೆ ಹೋಗುವುದು ಈಗ ಹೊಸದೇನಲ್ಲ. ಆದರೆ ಆಮಂತ್ರಣ ಪತ್ರದಲ್ಲಿ 'ವಸತಿ: ವೈಟ್‌ಫೀಲ್ಡ್' ಎಂದು ಒಂದೇ ಸಾಲು ಇರುತ್ತದೆ. ಅದು ಮೆಜೆಸ್ಟಿಕ್ ಪಕ್ಕದ ಬಡಾವಣೆ ಎಂದುಕೊಂಡು ಆಟೋ ಹತ್ತಿದರೆ, ಎರಡು ದಿನದ ಖರ್ಚಿಗೆಂದು ಸಂಘ ಕೊಟ್ಟ ಹಣ ಅಲ್ಲೇ ಕರಗುತ್ತದೆ.

ಮೊದಲು ಜಾಗ ತಿಳಿದುಕೊಳ್ಳೋಣ. ಮೆಜೆಸ್ಟಿಕ್ ನಗರದ ನಡುವೆ. ವೈಟ್‌ಫೀಲ್ಡ್ ಪೂರ್ವಕ್ಕೆ, ಇಪ್ಪತ್ತು ಕಿಲೋಮೀಟರಿಗೂ ದೂರ. ವಿಮಾನ ನಿಲ್ದಾಣ ಉತ್ತರಕ್ಕೆ, ದೇವನಹಳ್ಳಿ ಹತ್ತಿರ. ಒಲೆಯ ಮೂರು ಕಲ್ಲಿನ ಹಾಗೆ, ಮೂರೂ ಮೂರು ಕಡೆ. 2008ರ ಮೇ ತಿಂಗಳ ತನಕ ವಿಮಾನಗಳು ಇಳಿಯುತ್ತಿದ್ದುದು ಎಚ್‌ಎಎಲ್‌ನಲ್ಲಿ, ಅದು ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲೇ ಇದೆ. ಹಿಂದೆ ಹೋಗಿ ಬಂದವರು 'ಏರ್‌ಪೋರ್ಟಿಂದ ಹತ್ತಿರವೇ ಅಲ್ವಾ' ಎಂದರೆ ಅದು ಆ ಕಾಲದ ಮಾತು.

ವೈಟ್‌ಫೀಲ್ಡ್ ಕೂಡ ಈಗ ಒಂದೇ ಊರಲ್ಲ. ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ 1880ರ ದಶಕದಲ್ಲಿ ಆದ ಸಣ್ಣ ವಸಾಹತು ಅದು. ಇವತ್ತು ಕುಂದಲಹಳ್ಳಿಯಿಂದ ಕಾಡುಗೋಡಿವರೆಗೆ ಇರುವ ಹೋಟೆಲುಗಳೆಲ್ಲ ವೈಟ್‌ಫೀಲ್ಡ್ ಎಂದೇ ವಿಳಾಸ ಹಾಕುತ್ತವೆ. ಆದ್ದರಿಂದ ಹೊರಡುವ ಮೊದಲೇ ಹೋಟೆಲಿಗೆ ಫೋನ್ ಮಾಡಿ, 'ನಿಮಗೆ ಹತ್ತಿರದ ಮೆಟ್ರೊ ಸ್ಟೇಷನ್ ಯಾವುದು?' ಎಂದು ಕೇಳಿ. ಕುಂದಲಹಳ್ಳಿ, ನಲ್ಲೂರಹಳ್ಳಿ, ಸತ್ಯಸಾಯಿ ಆಸ್ಪತ್ರೆ, ಪಟ್ಟಂದೂರು ಅಗ್ರಹಾರ, ಹೋಪ್‌ಫಾರ್ಮ್ ಚನ್ನಸಂದ್ರ, ಕಾಡುಗೋಡಿ, ಇವುಗಳಲ್ಲಿ ಒಂದು ಹೆಸರು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಆ ಹೆಸರನ್ನು ಚೀಟಿಯಲ್ಲಿ ಬರೆದಿಡಿ, ಮೊಬೈಲ್ ಚಾರ್ಜ್ ಮುಗಿದರೂ ಚೀಟಿ ಇರುತ್ತದೆ.

ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿದವರಿಗೆ ನೇರಳೆ ಮಾರ್ಗದ ಮೆಟ್ರೊ ಸುಲಭ. 2023ರ ಅಕ್ಟೋಬರಿನಿಂದ ಇದು ಕಾಡುಗೋಡಿವರೆಗೂ ನೇರ ಹೋಗುತ್ತದೆ, ಮಧ್ಯೆ ಇಳಿದು ಹತ್ತುವುದಿಲ್ಲ. ಬೋರ್ಡಿನಲ್ಲಿ 'ವೈಟ್‌ಫೀಲ್ಡ್ (ಕಾಡುಗೋಡಿ)' ಎಂದಿರಬೇಕು. 'ಚಲ್ಲಘಟ್ಟ' ಎಂದಿದ್ದರೆ ಅದು ಎದುರು ದಿಕ್ಕಿನದು, ಹತ್ತಬೇಡಿ. ಸಿಟಿ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಅಲ್ಲೇ ನೇರಳೆ ಮಾರ್ಗದ ಸ್ಟೇಷನ್ ಇದೆ. ಯಶವಂತಪುರದಲ್ಲಿ ಇಳಿದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಬದಲಿಸಬೇಕು. 2025ರ ಫೆಬ್ರವರಿಯಲ್ಲಿ ದರ ಏರಿದಾಗ ಅತಿ ದೂರದ ಟಿಕೆಟ್ 90 ರೂಪಾಯಿ ಆಯಿತು. ಮೇಳಕ್ಕೆ ಸಾಮಾನು ಒಯ್ಯುವವರು ಗಮನಿಸಿ: ದೊಡ್ಡ ಗಂಟುಮೂಟೆಗೆ ಮೆಟ್ರೊದಲ್ಲಿ ತಕರಾರು ಬರುತ್ತದೆ, ಸಣ್ಣ ಚೀಲಗಳಾಗಿ ಹಂಚಿಕೊಳ್ಳಿ.

ದುಡ್ಡು ಉಳಿಸಬೇಕೆಂದರೆ ಬಸ್ಸು. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ಬಹಳ ಹಳೆಯ ಮಾರ್ಗ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಆದರೆ ಅದೇ ನಂಬರಿನ ಮುಂದೆ 'ವಿ' ಎಂದಿರುವ ಎ.ಸಿ. ವಜ್ರ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ಪೂರ್ತಿ ದುಡ್ಡು ಕೊಡಬೇಕು. ಸಂಜೆ ಹೊತ್ತು ಆ ರಸ್ತೆಯ ಟ್ರಾಫಿಕ್ ಬಗ್ಗೆ ಹೇಳುವುದೇ ಬೇಡ. ಬೆಳಿಗ್ಗೆ ಹತ್ತಕ್ಕೆ ಸಭೆಯಿದ್ದರೆ ಮೆಟ್ರೊವೇ ಸರಿ ಎಂದು ನಮ್ಮ ಅಭಿಪ್ರಾಯ.

ಇನ್ನು ವಿಮಾನದಲ್ಲಿ ಬರುವವರು. ಟಿಕೆಟನ್ನು ಸಂಘಟಕರು ಕೊಟ್ಟಿರುತ್ತಾರೆ, ಹೋಟೆಲಿಗೆ ಹೋಗುವ ಖರ್ಚು ಯಾರದ್ದೆಂದು ಹೇಳಿರುವುದಿಲ್ಲ. ಮೊದಲೇ ಕೇಳಿ, ಕೇಳೋಕೆ ನಾಚಿಕೆ ಬೇಡ. ನಿಲ್ದಾಣದ ಹೊರಗೆ ಬಿ.ಎಂ.ಟಿ.ಸಿ.ಯ ವಾಯುವಜ್ರ ಬಸ್ಸುಗಳು ನಿಂತಿರುತ್ತವೆ. ವೈಟ್‌ಫೀಲ್ಡ್, ಕಾಡುಗೋಡಿ ಕಡೆಗೂ ಇವೆ. ಅದು ತಡ ಎಂದಾದರೆ ಕೆ.ಐ.ಎ. 9 ಹಿಡಿದು ಮೆಜೆಸ್ಟಿಕ್‌ಗೆ ಬಂದು ಮೆಟ್ರೊ ಹತ್ತಬಹುದು, ಸುತ್ತು ಹೌದು. ವಾಯುವಜ್ರದಲ್ಲೂ ಶಕ್ತಿ ನಡೆಯುವುದಿಲ್ಲ.

ಇಲ್ಲೊಂದು ಲೆಕ್ಕವಿದೆ. ಬಸ್ಸಿನ ಟಿಕೆಟ್ ತಲೆಗೆ ಒಂದು, ಟ್ಯಾಕ್ಸಿ ಬಾಡಿಗೆ ಗಾಡಿಗೆ ಒಂದು. ಒಬ್ಬರೇ ಇದ್ದರೆ ಬಸ್ಸು ಅಗ್ಗ. ನಾಲ್ವರು ಸಾಮಾನಿನೊಂದಿಗೆ ಬಂದರೆ, ನಾಲ್ಕು ಟಿಕೆಟ್ಟು, ಮೇಲೆ ಇಳಿದ ನಂತರದ ಆಟೋ ಸೇರಿಸಿ ಟ್ಯಾಕ್ಸಿ ದರದ ಜೊತೆ ಹೋಲಿಸಿ ನೋಡಿ, ಆಮೇಲೆ ತೀರ್ಮಾನಿಸಿ. ಟ್ಯಾಕ್ಸಿಯನ್ನು ನಿಲ್ದಾಣದೊಳಗಿನ ಅಧಿಕೃತ ಕೌಂಟರಿನಲ್ಲಿ ಅಥವಾ ಮೊಬೈಲ್ ಆ್ಯಪಿನಲ್ಲೇ ಗೊತ್ತುಮಾಡಿ. ಬಾಗಿಲ ಬಳಿ 'ಬನ್ನಿ ಅಮ್ಮಾ, ಕಡಿಮೆಗೆ ಬಿಡ್ತೀನಿ' ಎನ್ನುವವರ ಹಿಂದೆ ಹೋಗಬೇಡಿ. ಟೋಲ್ ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಿ. ಹೆಬ್ಬಾಳದ ದಾರಿಯಲ್ಲಿ ಸಾದಹಳ್ಳಿ ಟೋಲ್ ಸಿಗುತ್ತದೆ, ಬೂದಿಗೆರೆ ಮೇಲಿಂದ ಹೋದರೆ ಅದು ಸಿಗುವುದಿಲ್ಲ. ರಾತ್ರಿಯಾದರೆ ಗಾಡಿ ನಂಬರನ್ನು ಮನೆಯವರಿಗೂ ಸಂಘದ ಅಧ್ಯಕ್ಷರಿಗೂ ಕಳಿಸಿ. ತುರ್ತಿಗೆ 112.

ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಆರಕ್ಕೇ ಹೋಟೆಲ್ ತಲುಪಿದರೆ ಕೋಣೆ ಸಿಗದಿರಬಹುದು, ಎಷ್ಟು ಗಂಟೆಗೆ ಕೊಡುತ್ತಾರೆಂದು ಅದೇ ಫೋನಿನಲ್ಲಿ ಕೇಳಿಬಿಡಿ. ಗುರುತಿನ ಚೀಟಿ ಪ್ರತಿಯೊಬ್ಬರದೂ ಬೇಕು. ಟಿಕೆಟ್ಟು, ರಸೀದಿಗಳನ್ನು ಒಂದು ಕವರಿನಲ್ಲಿ ಹಾಕಿಡಿ, ಮುಂದಿನ ವಾರದ ಸಭೆಯಲ್ಲಿ ಖರ್ಚು ಬರೆಸುವಾಗ ಬೇಕಾಗುತ್ತದೆ. ವಾಪಸ್ ವಿಮಾನ ಬೆಳಗಿನ ಜಾವ ಇದ್ದರೆ ಆ ಹೊತ್ತಿಗೆ ಮೆಟ್ರೊ ಶುರುವಾಗಿರುವುದಿಲ್ಲ. ಹಿಂದಿನ ದಿನ ಸಂಜೆಯೇ ಹೋಟೆಲಿನವರಿಗೆ ಹೇಳಿ ಗಾಡಿ ಗೊತ್ತುಮಾಡಿಕೊಳ್ಳಿ.