ಶೀರ್ ಖುರ್ಮಾ ಮೊದಲು ಯಾರ ಮನೆಗೆ?

ಈದುಲ್ ಫಿತ್ರ್‌ನ ದಿನ ಪ್ರವಾದಿ(ಸ)ರು ಕೆಲವು ಖರ್ಜೂರಗಳನ್ನು ತಿನ್ನದೆ ನಮಾಝಿಗೆ ಹೊರಡುತ್ತಿರಲಿಲ್ಲ, ಅವನ್ನೂ ಬೆಸ ಸಂಖ್ಯೆಯಲ್ಲಿ ತಿನ್ನುತ್ತಿದ್ದರು ಎಂದು ಅನಸ್(ರ) ವರದಿ ಮಾಡಿದ್ದಾರೆ (ಬುಖಾರಿ). ಒಂದು ತಿಂಗಳು ಹಗಲೆಲ್ಲ ಅಲ್ಲಾಹನ ಅಪ್ಪಣೆಯಂತೆ ಉಪವಾಸವಿದ್ದ ನಾವು ಆ ದಿನ ಅವನ ಅಪ್ಪಣೆಯಂತೆಯೇ ಉಣ್ಣುತ್ತೇವೆ. ಹಬ್ಬದ ದಿನ ಉಪವಾಸ ನಿಷಿದ್ಧ. ನಮ್ಮ ಮನೆಗಳ ಶೀರ್ ಖುರ್ಮಾ ಕೂಡ ಈ ಖರ್ಜೂರದ ನೆಂಟನೇ. ಫಾರ್ಸಿಯಲ್ಲಿ ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಶಾವಿಗೆಯ ಹೆಸರೇ ಅದರಲ್ಲಿಲ್ಲ! ಗೋಡಂಬಿ, ಪಿಸ್ತಾ, ಚಾರೋಳಿ ಎಷ್ಟೇ ಸುರಿದರೂ ಖರ್ಜೂರ ಬಿಟ್ಟರೆ ಅದು ಶಾವಿಗೆ ಪಾಯಸವಷ್ಟೇ.

ಪಾತ್ರೆ ಒಲೆಗೆ ಏರುವ ಮೊದಲು ಒಂದು ಲೆಕ್ಕ ಮುಗಿದಿರಬೇಕು. ಫಿತ್ರ್ ಝಕಾತ್ ಮನೆಯ ಪ್ರತಿಯೊಬ್ಬರ ಪರವಾಗಿ, ಹಸುಗೂಸಿನ ಪರವಾಗಿಯೂ, ಈದ್ ನಮಾಝಿಗೆ ಮುಂಚೆ ಬಡವರ ಕೈಸೇರಬೇಕು. ಕರಾವಳಿಯ ಶಾಫಿಈ ಮನೆಗಳಲ್ಲಿ ಸಾಮಾನ್ಯವಾಗಿ ಅಕ್ಕಿ ಕೊಡುತ್ತಾರೆ, ಹನಫಿಗಳು ಗೋಧಿ ಅಥವಾ ಅದರ ಬೆಲೆ ಕೊಡುತ್ತಾರೆ. ನಮಾಝಿನ ನಂತರ ಕೊಟ್ಟರೆ ಅದು ಇತರ ದಾನಗಳಂತೆ ಒಂದು ದಾನ ಎಂದು ಹದೀಸ್‌ನಲ್ಲಿದೆ. 'ಕೆಲಸಕ್ಕೆ ಬರುವವರಿಗೆ ಒಂದು ಡಬ್ಬಿ ಸಿಹಿ ಕೊಟ್ಟೆವಲ್ಲ' ಎಂದು ಈ ಹೊಣೆ ಕಳಚಿಕೊಳ್ಳುವಂತಿಲ್ಲ. ಸಿಹಿ ನಮ್ಮ ಉಡುಗೊರೆ, ಫಿತ್ರ್ ಅವರ ಹಕ್ಕು.

ಇನ್ನು ಹಂಚುವ ವಿಚಾರ. ನಮ್ಮಲ್ಲಿ ದೊಡ್ಡ ಡಬ್ಬಿ ಬೀಗರ ಮನೆಗೆ ಹೋಗುತ್ತದೆ, ಎರಡನೆಯದು ಸಾಹುಕಾರರ ಮನೆಗೆ. ತಳದಲ್ಲಿ ಉಳಿದದ್ದು ಪಕ್ಕದ ಮನೆಗೆ! 'ನನಗೆ ಇಬ್ಬರು ನೆರೆಯವರಿದ್ದಾರೆ, ಯಾರಿಗೆ ಕಳಿಸಲಿ?' ಎಂದು ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ನಿನಗೆ ಹತ್ತಿರವೋ ಅವರಿಗೆ ಎಂಬರ್ಥದ ಉತ್ತರ ಪ್ರವಾದಿ(ಸ)ರಿಂದ ಬಂತು. ಅಲ್ಲಿ ನೆಂಟಸ್ತಿಕೆ, ಅಂತಸ್ತುಗಳ ಮಾತೇ ಇಲ್ಲ. ಧರ್ಮದ ಮಾತೂ ಇಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಕುರಿ ಕೊಯ್ದಾಗ, ನೆರೆಯ ಯಹೂದಿಗೆ ಕೊಟ್ಟಿರಾ ಎಂದು ಮನೆಯವರನ್ನು ಮತ್ತೆ ಕೇಳಿದ್ದರು. ಸಸ್ಯಾಹಾರಿ ನೆರೆಯವರಿಗೆ ಕಳಿಸುವಾಗ ಮಾಂಸ ಬೇಯಿಸದ ಪಾತ್ರೆ, ಬೇರೆ ಸೌಟು ಬಳಸೋಣ. ತಿಂಡಿಗೆ ಮೊಟ್ಟೆ ಹಾಕಿದ್ದರೆ ಬಾಯಿಬಿಟ್ಟು ಹೇಳೋಣ. ಅವರು ಅಡುಗೆ ಸ್ವೀಕರಿಸದಿದ್ದರೆ ಬೇಸರ ಬೇಡ, ಒಂದಿಷ್ಟು ಹಣ್ಣು ಕೊಟ್ಟು ಬರಬಹುದು.

ಇಷ್ಟೆಲ್ಲ ಮಾಡುವವರು ಯಾರು? ನಾವು ಗಂಡಸರು ಕೊನೆಯ ಹತ್ತು ರಾತ್ರಿಗಳಲ್ಲಿ ಮಸೀದಿಯಲ್ಲಿ ಲೈಲತುಲ್ ಕದ್ರ್ ಹುಡುಕುತ್ತಿರುವಾಗ ಮನೆಯ ಹೆಂಗಸರು ಬಾದಾಮಿ ಸಿಪ್ಪೆ ಸುಲಿಯುತ್ತಿರುತ್ತಾರೆ. ಆ ರಾತ್ರಿ ಅವರಿಗೂ ಬೇಕು. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ)ರೇ ಹೇಳಿದ್ದಾರೆ. ಶಾವಿಗೆಯನ್ನು ತುಪ್ಪದಲ್ಲಿ ಹುರಿಯುವುದು, ಗೋಡಂಬಿ ಹೆಚ್ಚುವುದು ಹಗಲಿನಲ್ಲೇ ಆಗುವ ಕೆಲಸ, ಗಂಡುಮಕ್ಕಳೂ ಮಾಡಬಹುದು. ಉತ್ತುತ್ತೆಯನ್ನು ಹಿಂದಿನ ರಾತ್ರಿ ನೆನೆಸಿಟ್ಟರೆ ಸಾಕು. 2 ಲೀಟರ್ ಹಾಲಿಗೆ 100 ಗ್ರಾಂ ಸಣ್ಣ ಶಾವಿಗೆ ಹಿಡಿಯುತ್ತದೆ, ಹೆಚ್ಚಾದರೆ ನಮಾಝ್ ಮುಗಿಸಿ ಬರುವಷ್ಟರಲ್ಲಿ ಮುದ್ದೆಯಾಗುತ್ತದೆ. ಖರ್ಜೂರದ ಸಿಹಿ ನೋಡಿಕೊಂಡು ಸಕ್ಕರೆ ಹಾಕಿ. ಬೆಲ್ಲವಾದರೆ ಹಾಲು ಒಲೆಯಿಂದ ಇಳಿದು ಸ್ವಲ್ಪ ಆರಿದ ಮೇಲೆ ಬೆರೆಸಿ, ಇಲ್ಲವಾದರೆ ಒಡೆದೀತು. ಗೋಡಂಬಿ, ಪಿಸ್ತಾ ಕೊಳ್ಳುವ ಶಕ್ತಿ ಇಲ್ಲವೆಂದು ಹಂಚುವುದನ್ನೇ ಬಿಡಬೇಕಿಲ್ಲ. ಸಾರಿಗೆ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಿರಿ ಎಂದು ಅಬೂದರ್ರ್(ರ)ರಿಗೆ ಉಪದೇಶವಿತ್ತು. ನೆರೆಯವಳು ಕಳಿಸಿದ್ದು ಕುರಿಯ ಗೊರಸಾದರೂ ಕೀಳಾಗಿ ಕಾಣಬೇಡಿ ಎಂದು ಮಹಿಳೆಯರಿಗೆ ಹೇಳಲಾಗಿದೆ. ಕೊಡುವವಳಿಗೂ ಪಡೆಯುವವಳಿಗೂ ಅದು ಅನ್ವಯ.

ಖಾಲಿ ಪಾತ್ರೆ ಹಿಂತಿರುಗಿಸಬಾರದು ಎಂಬ ರೂಢಿ ನಮ್ಮ ಬೀದಿಗಳಲ್ಲಿದೆ. ಚೆಂದದ ರೂಢಿಯೇ. ಆದರೆ ದುಡಿಯುವ ಗಂಡ ತೀರಿಹೋದ ಮನೆಗೆ ದೊಡ್ಡ ಸ್ಟೀಲ್ ಡಬ್ಬಿ ಹೋದರೆ ಅದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲದಂತೆ ಕೂರುತ್ತದೆ. ಒಳಗೆ ಏನು ಹಾಕಿ ಕಳಿಸುವುದೆಂದು ಆ ತಾಯಿ ಮೂರು ದಿನ ಯೋಚಿಸುತ್ತಾಳೆ. ಅಂಥ ಮನೆಗೆ ವಾಪಸ್ ಬೇಡದ ಡಬ್ಬಿಯಲ್ಲಿ, ನಮಾಝಿಗೆ ಮುಂಚೆಯೇ, ಮಕ್ಕಳ ಕೈಯಲ್ಲಿ ಕಳಿಸೋಣ. 'ಡಬ್ಬಿ ನಿಮ್ಮಲ್ಲೇ ಇರಲಿ ಅಂತ ಅಮ್ಮಿ ಹೇಳಿದ್ದಾರೆ' ಎಂದು ಹೇಳಿಬರಲು ಮಗುವಿಗೆ ಮೊದಲೇ ಕಲಿಸಿರಬೇಕು.